ಗಾಜಿನ ಜಗಲಿಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಹೇಗೆ?

ದೀಪಾವಳಿ ಮುಗಿದು ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತಿಗೆ ನಮ್ಮ ಆಲ್ದೂರು ಕಡೆ ಚಳಿ ಬಂದು ಕೂತುಬಿಡುತ್ತದೆ. ಬೆಳಗ್ಗೆ ಎಂಟಾದರೂ ತೋಟದ ಮೇಲಿನ ಮಂಜು ಏಳುವುದಿಲ್ಲ. ಈ ಚಳಿಯಲ್ಲೂ ನಮ್ಮ ಮಾವನವರಿಗೆ ಮುಂಜಗಲಿಯಲ್ಲೇ ಕೂರಬೇಕು. ಕಣದಲ್ಲಿ ಕಾಫಿ ಹರಡುವುದು, ಆಳುಗಳು ಬರುವುದು ಹೋಗುವುದು ಎಲ್ಲ ಕಣ್ಣೆದುರಿಗೇ ಇರಬೇಕು. ಗಾಳಿ ತಾಗದಿರಲಿ ಎಂದು ಆ ಜಗಲಿಗೆ ಮೂರು ಕಡೆ ಗಾಜು ಹಾಕಿಸಿದೆವು. ಮೇಲೂ ಗಾಜಿನ ಮಾಡು. ಮಧ್ಯಾಹ್ನ ಅಲ್ಲಿ ಸ್ವೆಟರ್ ಬಿಚ್ಚುವಷ್ಟು ಬಿಸಿ. ಸಂಜೆ ಏಳಕ್ಕೆ ಕುರ್ಚಿಯ ಕೈ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಈಗ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಸುತ್ತ ಎಷ್ಟೋ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಇಂಥ ಗಾಜಿನ ಜಗಲಿಗಳಿವೆ. ಚಳಿ ಅಂದ ಕೂಡಲೇ ಎಲ್ಲರೂ ಮೊದಲು ಹೀಟರ್ ಕೊಳ್ಳುತ್ತಾರೆ. ನಾವೂ ಹಾಗೇ ಮಾಡಿದೆವು. ಆದರೆ ಹೀಟರ್ ಕೊನೆಯ ಕೆಲಸ. ನಮ್ಮ ಊರಿನ ಚಳಿಗಾಲದಲ್ಲಿ ಹಗಲು ಬಿಸಿಲಿಗೆ ಬರವಿಲ್ಲ. ಆ ಶಾಖವನ್ನು ರಾತ್ರಿಗೆ ಉಳಿಸಿಕೊಳ್ಳುವುದನ್ನು ಕಲಿತರೆ ಹೀಟರ್ ಕೆಲಸ ಬಹಳ ಕಡಿಮೆಯಾಗುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ

ಒಂದು ಚದರ ಮೀಟರ್ ಒಂಟಿ ಗಾಜು ತೆಗೆದುಕೊಳ್ಳಿ. ಒಳಗೂ ಹೊರಗೂ ಒಂದೇ ಒಂದು ಡಿಗ್ರಿ ವ್ಯತ್ಯಾಸ ಇದ್ದರೂ ಅದರ ಮೂಲಕ ಸುಮಾರು 5.7 ವಾಟ್ ಶಾಖ ಆಚೆ ಹೋಗುತ್ತದೆ. 9 ಇಂಚಿನ ಇಟ್ಟಿಗೆ ಗೋಡೆಯಲ್ಲಾದರೆ ಸುಮಾರು 2 ವಾಟ್ ಅಷ್ಟೇ.

ನಮ್ಮ ಜಗಲಿ 15 ಅಡಿ ಉದ್ದ, 12 ಅಡಿ ಅಗಲ. ಒಂದು ಕಡೆ ಮನೆಯ ಗೋಡೆ. ಉಳಿದ ಮೂರು ಕಡೆ ಎರಡೂವರೆ ಅಡಿ ಇಟ್ಟಿಗೆ ಕಟ್ಟೆ, ಅದರ ಮೇಲೆ ಐದೂವರೆ ಅಡಿ ಗಾಜು. ಇದು ಸುಮಾರು 20 ಚದರ ಮೀಟರ್ ಆಯಿತು. ಮಾಡಿನ ಗಾಜು ಇನ್ನೊಂದು 17. ಹೊರಗೆ 12 ಡಿಗ್ರಿ ಇದ್ದು ಒಳಗೆ 20 ಡಿಗ್ರಿ ಬೇಕು ಅಂದರೆ ಗಾಜಿನಿಂದಲೇ ಸುಮಾರು 1,700 ವಾಟ್ ಸೋರಿ ಹೋಗುತ್ತದೆ. ಸಂದಿಯಿಂದ ಹೋಗುವ ಗಾಳಿಯ ಲೆಕ್ಕ ಬೇರೆ. ಹನ್ನೆರಡು ಗಂಟೆ ಹೀಟರ್ ಹಾಕಿದರೆ ಒಂದು ರಾತ್ರಿಗೆ 20 ಯೂನಿಟ್. ಹತ್ತೇ ದಿನಕ್ಕೆ 200 ಯೂನಿಟ್! ಬಿಲ್ ಮೆಸ್ಕಾಂನದಾಗಲಿ, ಹಾಸನ ಕಡೆಯ ಸೆಸ್ಕ್‌ನದಾಗಲಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಲೆಕ್ಕಕ್ಕೆ ಬರುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕು.

ನಿಮ್ಮ ಮನೆಯ ಅಳತೆ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಗಾಜಿನ ಚದರ ಮೀಟರನ್ನು 5.7ರಿಂದ ಗುಣಿಸಿ, ಆಮೇಲೆ ಬೇಕಾದ ಡಿಗ್ರಿ ವ್ಯತ್ಯಾಸದಿಂದ ಗುಣಿಸಿ. ಬಂದ ವಾಟ್ ನೋಡಿದ ಮೇಲೆ ಮುಂದಿನ ಕೆಲಸಗಳು ಯಾಕೆ ಮುಖ್ಯ ಎಂದು ತಾನಾಗಿ ಗೊತ್ತಾಗುತ್ತದೆ.

ಜೊತೆಗೆ ಒಂದು ಡಿಜಿಟಲ್ ಥರ್ಮಾಮೀಟರ್ ತನ್ನಿ. ತೇವಾಂಶವನ್ನೂ, ಹಿಂದಿನ ರಾತ್ರಿಯ ಕನಿಷ್ಠ ಉಷ್ಣತೆಯನ್ನೂ ತೋರಿಸುವಂಥದ್ದಾದರೆ ಒಳ್ಳೆಯದು. ಕೂರುವ ಎತ್ತರದಲ್ಲಿ, ಬಿಸಿಲು ನೇರ ಬೀಳದ ಕಡೆ ಇಡಿ. ಒಂದು ವಾರ ಬರೆದಿಟ್ಟುಕೊಳ್ಳಿ. ಅತಿ ಹೆಚ್ಚು ಚಳಿ ನಡುರಾತ್ರಿ ಇರುವುದಿಲ್ಲ, ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಇರುತ್ತದೆ. ಮೋಡ ಕವಿದ ರಾತ್ರಿಗಿಂತ ನಕ್ಷತ್ರ ಹೊಳೆಯುವ ರಾತ್ರಿ ಜಾಸ್ತಿ ತಣ್ಣಗಿರುತ್ತದೆ. ಮಾಡಿನ ಗಾಜು ತನ್ನ ಶಾಖವನ್ನು ನೇರವಾಗಿ ಬಯಲು ಆಕಾಶಕ್ಕೆ ಬಿಟ್ಟುಕೊಡುತ್ತದೆ, ಅದಕ್ಕೇ.

ಸಂದಿ ಮುಚ್ಚಿ

ಗಾಳಿ ಬೀಸುವ ಸಂಜೆ ಒಂದು ಊದುಬತ್ತಿ ಹಚ್ಚಿ. ಕಿಟಕಿ ಚೌಕಟ್ಟು, ಬಾಗಿಲ ಕೆಳಗೆ, ಗಾಜೂ ಗೋಡೆಯೂ ಸೇರುವ ಜಾಗ, ಮಾಡಿನ ಅಂಚು, ಎಲ್ಲ ಕಡೆ ನಿಧಾನವಾಗಿ ಹಿಡಿದುಕೊಂಡು ಹೋಗಿ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದ್ದರೆ ಸರಿ. ಅಡ್ಡ ಬಾಗಿದರೆ ಅಲ್ಲಿ ಸಂದಿಯಿದೆ. ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹೋಗಿ. ನಮ್ಮಲ್ಲಿ 14 ಕಡೆ ಗುರುತು ಬಿತ್ತು.

ಗಾಜು, ಗೋಡೆ ಸೇರುವಲ್ಲಿ ಸಿಲಿಕಾನ್ ಸೀಲೆಂಟ್ ಸಾಕು. ಜಾಗ ಒಣಗಿರಬೇಕು, ಧೂಳು ಇರಬಾರದು. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳಲ್ಲಿ ಬ್ರಶ್‌ನಂಥ ಒಂದು ಪಟ್ಟಿ ಇರುತ್ತದೆ, ಮಳೆಗಾಲದಲ್ಲಿ ಅದು ಕೊಳೆತು ಉದುರಿರುತ್ತದೆ. ಹೊಸ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಸಿಗುತ್ತದೆ, ಹಳೆಯದನ್ನು ಎಳೆದು ತೆಗೆದು ತೂರಿಸಿದರೆ ಆಯಿತು. ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆಯಲ್ಲಿ ಉದ್ದ ಚೀಲ ಹೊಲಿದು ಮರಳು ತುಂಬಿಸಿ ಅಡ್ಡ ಇಡಿ. ಕಾಫಿ ಸಿಪ್ಪೆ ತುಂಬಬೇಡಿ, ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ.

ಎಲ್ಲ ಮುಚ್ಚಿ ಡಬ್ಬಿ ಮಾಡಿಬಿಡಬೇಡಿ. ತೆರೆದು ಮುಚ್ಚಲು ಆಗುವ ಎರಡು ಕಿಟಕಿಯಾದರೂ ಇರಲಿ.

ಬಿಸಿಲನ್ನು ಒಳಗೆ ಕರೆಯಿರಿ

ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 53 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಅಂದರೆ ಚಳಿಗಾಲದಲ್ಲಿ ನಿಮಗೆ ಬೇಕಾದ ಬಿಸಿಲು ದಕ್ಷಿಣದ ಗಾಜಿನಿಂದ ಬರುತ್ತದೆ. ಬೆಳಗಿನ ಚಳಿ ಬಿಡಿಸಲು ಪೂರ್ವದ ಗಾಜು. ಉತ್ತರದ ಗಾಜಿನಿಂದ ಈ ಕಾಲದಲ್ಲಿ ನೇರ ಬಿಸಿಲು ಬರುವುದೇ ಇಲ್ಲ, ಬರೀ ನಷ್ಟ. ಅದನ್ನು ಚಳಿಗಾಲ ಪೂರ್ತಿ ಮುಚ್ಚಿಟ್ಟರೂ ತೊಂದರೆಯಿಲ್ಲ.

ನವೆಂಬರ್‌ನಲ್ಲೇ ದಕ್ಷಿಣ, ಪೂರ್ವದ ಗಾಜು ತೊಳೆಯಿರಿ. ಮಳೆಗಾಲದ ಪಾಚಿ, ರಸ್ತೆಯ ಕೆಂಪು ಧೂಳು ಸೇರಿ ಬಿಸಿಲನ್ನು ಚೆನ್ನಾಗೇ ತಿನ್ನುತ್ತವೆ. ಮನೆಯ ದಕ್ಷಿಣಕ್ಕೆ ಸಿಲ್ವರ್ ಓಕ್ ಮರ ಇದ್ದರೆ ಮುಂದಿನ ವರ್ಷ ತೋಟದ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಆ ಕೊಂಬೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಮರ ಕಡಿಯುವುದೇನೂ ಬೇಡ, ಹತ್ತರಿಂದ ಮೂರರವರೆಗೆ ನೆರಳು ಬೀಳದಿದ್ದರೆ ಸಾಕು.

ಕಿಟಕಿ ಮುಚ್ಚುವ ಹೊತ್ತು ಬಹಳ ಮುಖ್ಯ. ಮಧ್ಯಾಹ್ನ ಸೆಕೆ ಅಂತ ಎಲ್ಲರೂ ಕಿಟಕಿ ತೆರೆಯುತ್ತಾರೆ, ಮುಚ್ಚುವುದು ಚಳಿಯಾದ ಮೇಲೆ. ಅಷ್ಟು ಹೊತ್ತಿಗೆ ಇದ್ದ ಶಾಖವೆಲ್ಲ ಹೋಗಿರುತ್ತದೆ. ಮೂರೂವರೆಗೆ ಎಲ್ಲ ಮುಚ್ಚಿಬಿಡಿ. ಆ ಒಂದು ಗಂಟೆ ಸ್ವಲ್ಪ ಸೆಕೆ ಆಗುತ್ತದೆ, ಆಗಲಿ.

ಕತ್ತಲಾಗುವ ಮುಂಚೆ ಹೊದಿಕೆ

ಖರ್ಚಿಗೆ ಹೋಲಿಸಿದರೆ ಅತಿ ಜಾಸ್ತಿ ಪ್ರಯೋಜನ ಕೊಟ್ಟದ್ದು ಇದು. ಉತ್ತರ, ಪಶ್ಚಿಮದ ಗಾಜಿಗೆ ಬಬಲ್ ರ‍್ಯಾಪ್ ಹಾಕಿ. ದೊಡ್ಡ ಗುಳ್ಳೆಯದ್ದು ಇನ್ನೂ ಒಳ್ಳೆಯದು. ಗಾಜಿನ ಅಳತೆಗೆ ಕತ್ತರಿಸಿಕೊಳ್ಳಿ. ಸ್ಪ್ರೇ ಬಾಟಲಿಯಿಂದ ಗಾಜಿನ ಒಳಮೈಗೆ ಬರೀ ನೀರು ಹೊಡೆಯಿರಿ, ತೆಳ್ಳಗೆ ಹನಿ ನಿಲ್ಲುವಷ್ಟು. ಗುಳ್ಳೆಯ ಬದಿ ಗಾಜಿಗೆ ತಾಗುವಂತೆ ಮೇಲಿನ ಮೂಲೆಯಿಂದ ಒತ್ತುತ್ತಾ ಕೆಳಗೆ ಬನ್ನಿ. ಅಂಗೈಯಿಂದ ಸವರಿದರೆ ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಟೇಪ್ ಬೇಡ. ನಮ್ಮದು ತಿಂಗಳುಗಟ್ಟಲೆ ಬೀಳದೆ ನಿಂತಿದೆ, ಒಂದು ಮೂಲೆ ಬಿಟ್ಟರೆ ಮತ್ತೆ ನೀರು ಹೊಡೆದು ಒತ್ತುತ್ತೇವೆ. ಬೆಳಕು ಬರುತ್ತದೆ, ಹೊರಗಿನ ನೋಟ ಮಾತ್ರ ಮಸುಕಾಗುತ್ತದೆ. ಹಾಗಾಗಿ ಕಣ ಕಾಣುವ ಗಾಜಿಗೆ ನಾವು ಹಾಕಿಲ್ಲ. ಹಾಕಿದ ಗಾಜಿನಿಂದ ಹೋಗುವ ಶಾಖ ಮೂರನೇ ಒಂದು ಭಾಗದಷ್ಟಾದರೂ ಕಡಿಮೆಯಾಗುತ್ತದೆ.

ಉಳಿದ ಗಾಜಿಗೆ ದಪ್ಪ ಪರದೆ. ಪರದೆ ನೆಲ ಮುಟ್ಟಬೇಕು, ಮೇಲೆ ಮರದ ಹಲಗೆಯೋ ಬಟ್ಟೆಯೋ ಅಡ್ಡ ಇರಬೇಕು. ಇಲ್ಲದಿದ್ದರೆ ಮೇಲಿನ ಬೆಚ್ಚಗಿನ ಗಾಳಿ ಪರದೆಯ ಹಿಂದೆ ಇಳಿದು, ಗಾಜಿಗೆ ತಾಗಿ ತಣ್ಣಗಾಗಿ, ಕೆಳಗಿನಿಂದ ಕಾಲಿಗೆ ಬಂದು ಹೊಡೆಯುತ್ತದೆ. ಗಾಜಿನ ಪಕ್ಕ ಕೂತಾಗ ಪಾದ ಕೊರೆಯುವುದು ಇದಕ್ಕೇ. ಹೊಸ ಬಟ್ಟೆ ಕೊಳ್ಳಬೇಕೆಂದಿಲ್ಲ. ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿರುವ ಹಳೆ ಕಂಬಳಿಗಳನ್ನು ಬಿಸಿಲಿಗೆ ಹಾಕಿ, ಹಿಂದೆ ಹತ್ತಿ ಬಟ್ಟೆ ಕೊಟ್ಟು ಹೊಲಿಸಿದರೆ ಅಂಥ ಪರದೆ ಅಂಗಡಿಯಲ್ಲೂ ಸಿಗುವುದಿಲ್ಲ.

ಮಾಡಿನ ಗಾಜನ್ನು ಮರೆಯಬೇಡಿ, ಅರ್ಧ ನಷ್ಟ ಅಲ್ಲೇ. ಒಳಗೆ ಗೋಡೆಯಿಂದ ಗೋಡೆಗೆ ನಾಲ್ಕು ಸ್ಟೀಲ್ ತಂತಿ ಬಿಗಿದು, ಬಟ್ಟೆಗೆ ಉಂಗುರ ಹೊಲಿದು, ಹಗ್ಗ ಎಳೆದರೆ ಹರಡುವಂತೆ ಮಾಡಿಸಿದ್ದೇವೆ. ಸಂಜೆ ಐದೂವರೆಗೆ ಎಳೆಯುವುದು, ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಸರಿಸುವುದು. ಆ ಕೆಲಸವನ್ನು ಮಾವನವರು ಯಾರಿಗೂ ಬಿಟ್ಟುಕೊಡುವುದಿಲ್ಲ.

ಹೊಸದಾಗಿ ಕಟ್ಟಿಸುವವರಿಗೆ ಒಂದು ಮಾತು. ಎರಡು ಪದರದ ಗಾಜು ಒಂಟಿ ಗಾಜಿನ ಅರ್ಧದಷ್ಟು ಶಾಖ ಮಾತ್ರ ಬಿಡುತ್ತದೆ. ದುಡ್ಡು ಸಾಲದಿದ್ದರೆ ಮಾಡಿಗೆ 10 ಮಿಲಿಮೀಟರ್‌ನ ಟೊಳ್ಳು ಪದರದ ಪಾಲಿಕಾರ್ಬೊನೇಟ್ ಹಾಕಿಸಿ, ಹೆಚ್ಚುಕಮ್ಮಿ ಅದೇ ಫಲ ಸಿಗುತ್ತದೆ. ಮಾಡಿಗೆ ಗಾಜೇ ಬೇಕು ಎಂದರೆ ಲ್ಯಾಮಿನೇಟೆಡ್ ಗಾಜು ಮಾತ್ರ ಹಾಕಿಸಿ. ಕೊಂಬೆ ಬಿದ್ದು ಒಡೆದರೂ ಚೂರು ತಲೆಯ ಮೇಲೆ ಸುರಿಯುವುದಿಲ್ಲ.

ಶಾಖ ಕೂಡಿಡುವುದು: ನೆಲ, ಡ್ರಮ್ಮು, ಹಾಲಿನ ಕ್ಯಾನು

ಬಿಸಿಲು ಬೀಳುವ ನೆಲದ ಮೇಲೆ ಚಾಪೆ, ಕಾರ್ಪೆಟ್ ಹಾಸಬೇಡಿ. ರೆಡ್ ಆಕ್ಸೈಡ್ ನೆಲ, ಕಡಪ ಕಲ್ಲು ಹಗಲು ಶಾಖ ಕುಡಿದು ಸಂಜೆ ಬಿಡುತ್ತವೆ. ಕತ್ತಲಾದ ಮೇಲೆ, ಕಾಲಿಡುವ ಕಡೆ ಮಾತ್ರ ಚಾಪೆ ಹಾಸಿ.

ಕಲ್ಲಿಗಿಂತ ನೀರು ಇನ್ನೂ ಚೆನ್ನಾಗಿ ಶಾಖ ಹಿಡಿಯುತ್ತದೆ. 200 ಲೀಟರ್ ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ, ಸೊಳ್ಳೆ ಹೋಗದಂತೆ ಮುಚ್ಚಳ ಬಿಗಿದು ದಕ್ಷಿಣದ ಗಾಜಿನ ಒಳಗೆ ಇಡಿ. ಹಗಲು 10 ಡಿಗ್ರಿ ಕಾದ ನೀರು ರಾತ್ರಿ ಅಷ್ಟೇ ಆರಿದರೆ ಎರಡೂಕಾಲು ಯೂನಿಟ್ ಕರೆಂಟಿನಷ್ಟು ಶಾಖ ಬಿಡುತ್ತದೆ. ಡ್ರಮ್ಮಿನ ಮೇಲೆ ಹಲಗೆ ಇಟ್ಟರೆ ಹೂಕುಂಡ ಇಡಲು ಜಾಗವೂ ಆಯಿತು.

ನಮ್ಮ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿದ್ದು ಬಚ್ಚಲಿನಿಂದ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಆರುವುದೇ ಅಪರೂಪ, ಅಲ್ವಾ? ಕಾಫಿ ಗಿಡ ಸವರಿದಾಗ ಸಿಕ್ಕ ರೆಂಬೆ, ಒಣಗಿದ ಸಿಲ್ವರ್ ಸೌದೆ ಹೇಗೂ ಇರುತ್ತದೆ. ಸಂಜೆ ಎಲ್ಲರ ಸ್ನಾನ ಆದ ಮೇಲೂ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಆ ನೀರಿಗೆ ಸ್ವಲ್ಪ ತಣ್ಣೀರು ಬೆರೆಸಿ, ಸುಮಾರು 70 ಡಿಗ್ರಿಗೆ ತಂದು, 40 ಲೀಟರಿನ ಹಳೆ ಅಲ್ಯೂಮಿನಿಯಂ ಹಾಲಿನ ಕ್ಯಾನಿಗೆ ತುಂಬುತ್ತೇವೆ. ಮುಚ್ಚಳ ಒತ್ತಿ ಜಗಲಿಯಲ್ಲಿ ಮಾವನವರ ಕುರ್ಚಿಯ ಪಕ್ಕ ಇಡುತ್ತೇವೆ. 70ರಿಂದ 20 ಡಿಗ್ರಿಗೆ ಆರುವಷ್ಟರಲ್ಲಿ ಅದೊಂದೇ ಕ್ಯಾನು ಎರಡು ಯೂನಿಟ್‌ಗೂ ಮೇಲೆ ಶಾಖ ಕೊಡುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಕರೆಂಟ್ ಹೋದರೂ ಚಿಂತೆಯಿಲ್ಲ. ಮೊದಲ ಒಂದು ಗಂಟೆ ಕ್ಯಾನನ್ನು ಬರಿಗೈಯಲ್ಲಿ ಮುಟ್ಟಲು ಆಗುವುದಿಲ್ಲ, ಗೋಣಿಚೀಲ ಸುತ್ತಿರುತ್ತೇವೆ. ಆಮೇಲೆ ಚೀಲ ತೆಗೆದರೆ ಮಾವ ಎರಡೂ ಅಂಗೈಯನ್ನು ಅದರ ಕುತ್ತಿಗೆಗೆ ಒತ್ತಿಕೊಂಡು ಕೂರುತ್ತಾರೆ. ಮಲಗುವ ಹೊತ್ತಿಗೂ ಕ್ಯಾನು ಬೆಚ್ಚಗೇ ಇರುತ್ತದೆ.

ಎಚ್ಚರಿಕೆ ಇಷ್ಟು. ತುಂಬಿದ ಕ್ಯಾನು 40 ಕೆಜಿಗೂ ಜಾಸ್ತಿ, ಬಿಸಿನೀರು ಹೊತ್ತು ಎಡವಿದರೆ ಅನಾಹುತ. ಖಾಲಿ ಕ್ಯಾನನ್ನು ಮೊದಲು ಜಾಗದಲ್ಲಿಟ್ಟು, ಅರ್ಧರ್ಧ ಕೊಡಪಾನದಲ್ಲಿ ನೀರು ತಂದು ತುಂಬಿ. ಪ್ಲಾಸ್ಟಿಕ್ ಕ್ಯಾನು ಬೇಡ, ಮೆತ್ತಗಾಗಿ ಬಾಗುತ್ತದೆ. ಓಡಾಡುವ ಮಕ್ಕಳಿದ್ದರೆ ಮೂಲೆಯಲ್ಲಿಟ್ಟು ಅಡ್ಡ ಬೆಂಚು ಹಾಕಿ.

ಈಗ ಹೀಟರ್

ಇಷ್ಟೆಲ್ಲ ಮಾಡಿದ ಮೇಲೂ ಡಿಸೆಂಬರ್, ಜನವರಿಯ ಕೆಲವು ದಿನ ಹೀಟರ್ ಬೇಕಾಗುತ್ತದೆ. ಯಾವುದು ಎಂಬುದು ನೀವು ಎಷ್ಟು ಹೊತ್ತು ಕೂರುತ್ತೀರಿ ಎಂಬುದರ ಮೇಲೆ ನಿಂತಿದೆ.

ಒಂದಿಬ್ಬರು, ಗಂಟೆಯೋ ಎರಡು ಗಂಟೆಯೋ ಕೂರುವುದಾದರೆ ಕೆಂಪಗೆ ಕಾಯುವ ರಾಡ್ ಹೀಟರ್ ಸಾಕು. ಅದು ಗಾಳಿಯನ್ನಲ್ಲ, ಎದುರಿಗಿದ್ದವರನ್ನು ನೇರವಾಗಿ ಬೆಚ್ಚಗೆ ಮಾಡುತ್ತದೆ. ವಯಸ್ಸಾದವರಿಗೆ ನಾನು ಹೇಳುವುದು ಹೀಟಿಂಗ್ ಪ್ಯಾಡ್. 60ರಿಂದ 100 ವಾಟ್ ಅಷ್ಟೇ, ಮಂಡಿ ಮೇಲೆ ಹಾಕಿ ಶಾಲು ಹೊದ್ದರೆ ಕೋಣೆಯನ್ನೇ ಕಾಯಿಸುವ ಅಗತ್ಯವಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾಗಿದ್ದವರು ಮಾತ್ರ ಇದನ್ನು ಬಳಸಬಾರದು, ಸುಟ್ಟರೂ ಗೊತ್ತಾಗುವುದಿಲ್ಲ.

ಸಂಜೆಯೆಲ್ಲ ನಾಲ್ಕೈದು ಜನ ಕೂರುವುದಾದರೆ ಥರ್ಮೋಸ್ಟಾಟ್ ಇರುವ ಆಯಿಲ್ ಹೀಟರ್ ಒಳ್ಳೆಯದು. ಕಾಯಲು ತಡ, ಆರಲೂ ತಡ. ಫ್ಯಾನ್ ಹೀಟರ್ ಬೇಗ ಬಿಸಿ ಮಾಡುತ್ತದೆ, ನಿಲ್ಲಿಸಿದ ಕೂಡಲೇ ಚಳಿ. ದಿನವೂ ಬೇಕು, ಹೋಂಸ್ಟೇ ಇದೆ ಎಂದರೆ ಬಿಸಿ ಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿಗೆ ದುಡ್ಡು ಹಾಕಿ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಎಳೆದು ಒಳಗೆ ಬಿಡುತ್ತದೆ. ಹೊರಗೆ 10–12 ಡಿಗ್ರಿ ಇರುವ ನಮ್ಮಂಥ ಕಡೆ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಬೇರೆ ಯಾವ ಹೀಟರೂ ಒಂದಕ್ಕೆ ಒಂದಕ್ಕಿಂತ ಜಾಸ್ತಿ ಕೊಡುವುದಿಲ್ಲ, ಅಂಗಡಿಯವರು ಏನೇ ಹೇಳಲಿ.

ಯಾವುದೇ ಆದರೂ ಪರದೆಯಿಂದ ಮೂರಡಿ, ಗಾಜಿನಿಂದ ಎರಡಡಿಯಾದರೂ ದೂರ ಇಡಿ. ತಣ್ಣಗಿನ ಗಾಜಿನ ಒಂದೇ ಕಡೆಗೆ ಬಿಸಿ ಬಡಿದರೆ ಸೀಳುತ್ತದೆ.

ವೈರಿಂಗ್ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಮೊದಲ ವರ್ಷ ನಾವು 2,000 ವಾಟ್‌ನ ಫ್ಯಾನ್ ಹೀಟರ್ ತಂದೆವು. ಯಾವ ಸಾಕೆಟ್‌ಗಾದರೂ ಹಾಕಬಹುದು ಎಂದು ಮಾರಿದವರು ಹೇಳಿದ್ದರು. ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಹಾಕಿ ಮೂರನೇ ದಿನ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಹೋಗಿ ನೋಡಿದರೆ ಬಾಕ್ಸಿನ ಒಂದು ತೂತು ಕಂದಾಗಿ ಕರಗಿ, ಪಿನ್ ಅದರೊಳಗೇ ಅಂಟಿಕೊಂಡಿತ್ತು. ಎರಡಡಿ ಆಚೆ ಪರದೆ. ಇವತ್ತಿಗೂ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ. 230 ವೋಲ್ಟ್‌ನಲ್ಲಿ 2,000 ವಾಟ್ ಅಂದರೆ ಸುಮಾರು 8.7 ಆಂಪಿಯರ್. ಸಣ್ಣ ಸಾಕೆಟ್ ತಡೆಯುವುದು 6 ಆಂಪಿಯರ್. ಹೀಟರ್‌ಗೆ 16 ಆಂಪಿಯರ್‌ನ ಸಾಕೆಟ್, ಮೇನ್ ಬೋರ್ಡಿನಿಂದ ಬೇರೆಯದೇ ತಾಮ್ರದ ವೈರು, ಅದಕ್ಕೊಂದು ಎಂಸಿಬಿ (ಹೊರೆ ಮೀರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚು) ಬೇಕು. ಗಿಡಕ್ಕೆ ನೀರು ಹಾಕುವ ಜಾಗವಾದ್ದರಿಂದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಕೂಡ ಹಾಕಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಇನ್ನೊಂದು ವಿಷಯ, ಲೋ ವೋಲ್ಟೇಜ್. ಸಂಜೆ ನಿಮ್ಮ ಲೈನಿನಲ್ಲಿ 180 ವೋಲ್ಟ್ ಬರುತ್ತಿದ್ದರೆ 2,000 ವಾಟ್‌ನ ಹೀಟರ್ ಕೊಡುವುದು ಸುಮಾರು 1,200 ವಾಟ್ ಮಾತ್ರ. ಹೀಟರ್ ಕೆಟ್ಟಿದೆ ಎಂದು ವಾಪಸ್ ಕೊಡುವ ಮುಂಚೆ ವೋಲ್ಟೇಜ್ ನೋಡಿ. ಮನೆಯ ಯುಪಿಎಸ್‌ಗೆ ಹೀಟರ್ ಹಾಕಲೇಬೇಡಿ.

ಕೆಂಡ ಬೇಡ

ಹಿಂದಿನವರು ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿಕೊಂಡು ಕೂರುತ್ತಿದ್ದರು, ನಿಜ. ಅವರ ಮನೆಯ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಸಂದಿಯೆಲ್ಲ ಮುಚ್ಚಿದ ಗಾಜಿನ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ತೂಕಡಿಕೆ. ತೂಕಡಿಸಿದವರು ಏಳದೇ ಹೋಗಬಹುದು. ಹೊಗೆ ಕಾಣುತ್ತಿಲ್ಲ ಎಂದು ಧೈರ್ಯ ಮಾಡಬೇಡಿ, ಹೊಗೆಯಿಲ್ಲದ ನಿಗಿನಿಗಿ ಕೆಂಡದಿಂದಲೂ ಅದು ಬರುತ್ತದೆ. ಬೆಂಕಿ ಕಾಯಿಸಬೇಕು ಅನ್ನಿಸಿದರೆ ಅಂಗಳದಲ್ಲಿ ಹೊಡಸಲು (ಸೌದೆ ಒಟ್ಟಿದ ಬೆಂಕಿ) ಹಾಕಿ.

ಗ್ಯಾಸ್ ಹೀಟರ್‌ಗೂ ಇದೇ ಮಾತು. ಜೊತೆಗೆ ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಬೆಳಗ್ಗೆ ಗಾಜೆಲ್ಲ ಬೆವರಿರುತ್ತದೆ.

ಬೆವರಿದ ಗಾಜು, ಗಿಡಗಳು

ಹೀಟರ್ ಇಲ್ಲದಿದ್ದರೂ ಗಾಜು ಸ್ವಲ್ಪ ಬೆವರುತ್ತದೆ. ಬೆಳಗ್ಗೆ ಹಳೆ ಪಂಚೆಯಿಂದ ಒರೆಸಿ, ಪರದೆಯ ಕೆಳ ಅಂಚು ಮುಟ್ಟಿ ನೋಡಿ. ಹತ್ತು ಗಂಟೆಗೆ ಹೊರಗಿನ ಮಂಜು ಏಳುತ್ತದೆ, ಆಗ ಎದುರುಬದುರಿನ ಎರಡು ಕಿಟಕಿ ಹತ್ತು ನಿಮಿಷ ತೆರೆಯಿರಿ. ಒದ್ದೆ ಬಟ್ಟೆ ಅಲ್ಲಿ ಒಣಹಾಕಬೇಡಿ. ಹಸಿ ಕಾಳುಮೆಣಸು, ಕಾಫಿ ಕೂಡ ಹರಡಬೇಡಿ, ಒಣಗುವ ಕಾಳಿನ ನೀರೆಲ್ಲ ಗಾಜಿಗೇ ಬರುತ್ತದೆ.

ಗಿಡಗಳಿಗಾಗಿ ಇಡೀ ಕೋಣೆ ಕಾಯಿಸುವವರೂ ಇದ್ದಾರೆ, ಅದು ಬೇಡ. ಸಿಂಬಿಡಿಯಂ ಆರ್ಕಿಡ್‌ಗೆ ತಂಪು ರಾತ್ರಿ ಸಿಕ್ಕರೇ ಹೂ. ನಮ್ಮ ಕಾಡಿನ ಆರ್ಕಿಡ್ ಸೀತಾಳೆದಂಡೆಗೆ ಈ ಚಳಿ ಲೆಕ್ಕಕ್ಕೇ ಇಲ್ಲ. ಆಂಥೂರಿಯಂ, ಫೆಲನಾಪ್ಸಿಸ್ ಆರ್ಕಿಡ್ ಮಾತ್ರ 15 ಡಿಗ್ರಿಗಿಂತ ಕೆಳಗೆ ಹೋದರೆ ಸೊರಗುತ್ತವೆ. ಅವುಗಳನ್ನು ಗಾಜಿನಿಂದ ದೂರ, ಮನೆಯ ಗೋಡೆಗೆ ತಾಗಿಸಿ ಇಡಿ, ರಾತ್ರಿ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ. ನೀರನ್ನು ಬೆಳಗ್ಗೆಯೇ, ಕಡಿಮೆ ಹಾಕಿ. ಸಂಜೆ ಹಾಕಿದ ತಣ್ಣೀರು ಬೇರು ಕೊಳೆಸುತ್ತದೆ.

ತೆಗೆದಿಡುವಾಗ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುತ್ತಾರಲ್ಲ, ಅಷ್ಟು ಹೊತ್ತಿಗೆ ಹೊದಿಕೆ ತೆಗೆಯಿರಿ. ತಡ ಮಾಡಿದರೆ ಮಾರ್ಚ್ ಬಿಸಿಲಿಗೆ ಜಗಲಿ ಬೆಂದುಹೋಗುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಅದಕ್ಕೆ ಮುಂಚೆ ಮಾಡಿಗೆ ಶೇಡ್ ನೆಟ್ ಹಾಕಿಬಿಡಿ. ಡ್ರಮ್ಮಿನ ನೀರನ್ನು ಗಿಡಗಳಿಗೆ ಸುರಿಯಿರಿ. ಕಂಬಳಿ ಪರದೆಗಳನ್ನು ಎರಡು ದಿನ ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪಿನ ಜೊತೆ ಪೆಟ್ಟಿಗೆಗೆ ಹಾಕಿ. ಬಬಲ್ ರ‍್ಯಾಪ್ ಮಡಿಸಬೇಡಿ, ಗುಳ್ಳೆ ಒಡೆಯುತ್ತದೆ. ಒರೆಸಿ, ಒಣಗಿಸಿ, ಪ್ರತಿ ಹಾಳೆಯ ಮೂಲೆಯಲ್ಲಿ ಯಾವ ಗಾಜಿನದು ಎಂದು ಮಾರ್ಕರ್ ಪೆನ್ನಿನಿಂದ ಬರೆದು ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿ. ನಮ್ಮದು ಈಗ ನಾಲ್ಕನೇ ಚಳಿಗಾಲಕ್ಕೂ ಅದೇ ಹಾಳೆಗಳು.